ಗರಗಸಕ್ಕೂ ಒಂದು ಎಲೆ

ಸಂಜೆ ಅಂಗಳದಲ್ಲಿ ಕೂರೋದಕ್ಕೆ ಒಂದು ಬೆಂಚು ಬೇಕಿತ್ತು. ಪೇಟೆಯಲ್ಲಿ ರೇಟು ಕೇಳಿ ಬಂದವನು "ನಾನೇ ಮಾಡ್ತೀನಿ" ಅಂದೆ. ಅಮ್ಮ ಮಾತಾಡಲಿಲ್ಲ. ಹೆಂಡತಿ ಎದ್ದು ಟಿಂಚರ್ ಬಾಟಲಿ ಹುಡುಕತೊಡಗಿದಳು.

ಮರಕ್ಕೆ ಬರವಿರಲಿಲ್ಲ. ಹಳೇ ಕೊಟ್ಟಿಗೆ ಬಿಚ್ಚಿದಾಗಿನ ಹಲಸಿನ ಹಲಗೆ, ಸೂರಿನ ಪಕಾಸಿಗಳು ಅಟ್ಟದಲ್ಲಿದ್ದವು. ಮೇಲೆ ನೋಡಿದರೆ ಹೊಗೆ ಬಣ್ಣ. ಕೀಸುಳಿ ಓಡಿಸಿದರೆ ಒಳಗೆ ಅರಿಸಿನ! ಆ ಬಣ್ಣ ನೋಡುವ ಖುಷಿಗೆ ಅರ್ಧ ದಿನ ಸುಮ್ನೆ ಕೀಸುತ್ತಾ ಕೂತೆ. ಹಲಗೆ ತೆಳ್ಳಗಾಗುತ್ತಿದೆ ಅಂತ ಅಮ್ಮನೇ ಹೇಳಬೇಕಾಯಿತು.

ಮಲೆನಾಡಿನ ಮಳೆಗೆ ಒಡ್ಡುವ ಮರಕ್ಕೆ ಉಪಚಾರ ಜಾಸ್ತಿ. ಅಂಚಿನ ಬಿಳಿ ಭಾಗ ಗೆದ್ದಲಿಗೆ ಇಷ್ಟ, ಅದನ್ನು ತೆಗೆದು ಒಳಗಿನ ಗಟ್ಟಿ ಕೆಚ್ಚು ಮಾತ್ರ ಇಟ್ಟುಕೊಳ್ಳಬೇಕು. ಸಾದಾ ಕಬ್ಬಿಣದ ಮೊಳೆ ತುಕ್ಕು ಹಿಡಿಯುತ್ತದೆ, ಸ್ಟೀಲ್ ಸ್ಕ್ರೂ ಆಗಬೇಕು. ಸ್ಕ್ರೂ ಹಾಕೋ ಮೊದಲು ಸಣ್ಣ ತೂತು ಕೊರೆಯಬೇಕು. ಇದನ್ನು ಒಂದು ಪಟ್ಟಿ ಸೀಳಿಸಿದ ಮೇಲೆ ನಂಬಿದೆ. ಕಾಲಿನ ತುದಿ ನೆಲದ ನೀರು ಹೀರುತ್ತದೆ ಅಂತ ಅಲ್ಲಿಗೆ ಗೇರೆಣ್ಣೆ, ಅಂದರೆ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚಿದೆ. ಅದು ಚರ್ಮಕ್ಕೆ ತಾಗಿದರೆ ಸುಡುತ್ತದೆ. ತಾಗಿತು. ಟಿಂಚರ್ ಉಪಯೋಗಕ್ಕೆ ಬರಲಿಲ್ಲ, ಕೊಬ್ಬರಿ ಎಣ್ಣೆ ಬೇಕಾಯಿತು.

ಎಡವಿದ್ದು ಮಾತ್ರ ಕಾಲಿನ ಲೆಕ್ಕದಲ್ಲಿ. ಆರಡಿ ಪಕಾಸಿ ಅಂದರೆ 72 ಇಂಚು. ಕೂರುವ ಎತ್ತರಕ್ಕೆ 18 ಇಂಚಿನ ನಾಲ್ಕು ಕಾಲು. ಒಂದು ಚೂರೂ ಹಾಳಾಗದ ಲೆಕ್ಕ! ಅಳೆದು ಒಂದು ಕೊಯ್ದೆ, ಮತ್ತೆ ಅಳೆದು ಇನ್ನೊಂದು. ನಾಲ್ಕನೆಯದನ್ನು ಅಳೆದರೆ ಕಾಲು ಇಂಚು ಕಮ್ಮಿ. ಟೇಪನ್ನೇ ಅನುಮಾನಿಸಿದೆ.

ದಾರಿಯಲ್ಲಿ ಹೋಗುತ್ತಿದ್ದ ಬಡಗಿ ಆಚಾರ್ರನ್ನು ಕರೆದು ತೋರಿಸಿದೆ. ಅವರು ಕಾಲು ನೋಡಲಿಲ್ಲ, ಕೆಳಗೆ ಬಿದ್ದ ಪುಡಿ ನೋಡಿದರು. "ಗರಗಸವೂ ಉಣ್ಣುತ್ತಲ್ರಾ, ಅದಕ್ಕೊಂದು ಎಲೆ ಹಾಕಿಲ್ಲ ನೀವು" ಅಂದರು. ಒಂದೊಂದು ಸಲ ಕೊಯ್ದಾಗಲೂ ಎರಡು ಮಿಲಿಮೀಟರ್ ಮರ ಪುಡಿಯಾಗಿ ಹೋಗಿತ್ತು. ಮೂರು ಸಲಕ್ಕೆ ಆರು. ಕಾಣೆಯಾದ ಕಾಲು ಇಂಚು ನನ್ನ ಪಾದದ ಬಳಿಯೇ ಬಿದ್ದಿತ್ತು.

ಉಳಿದ ಮೂರನ್ನೂ ಗಿಡ್ಡ ಮಾಡುವ ಧೈರ್ಯ ಬರಲಿಲ್ಲ. ಹಾಗೇ ಜೋಡಿಸಿ, ಬೆಂಚನ್ನು ಅಂಗಳದ ತುಂಬಾ ಹೊತ್ತು ತಿರುಗಿದೆ. ಕೊನೆಗೆ ನುಗ್ಗೆ ಮರದ ಹತ್ತಿರ ಒಂದು ಕಡೆ ನೆಲ ಚೂರು ಉಬ್ಬಿತ್ತು. ಗಿಡ್ಡ ಕಾಲು ಅಲ್ಲಿಗೆ ಸರಿಯಾಗಿ ಕೂತಿತು. ಈ ಭೂಮಿ ಮೇಲೆ ಆ ಬೆಂಚು ಅಲ್ಲಾಡದ ಜಾಗ ಅದೊಂದೇ. ಅಂಗಳ ಸಾರಿಸುವಾಗ ಹೆಂಡತಿ ಅಷ್ಟು ಜಾಗ ಬಿಟ್ಟೇ ಸಾರಿಸುತ್ತಾಳೆ.

ಮಳೆನೀರು ಇಳಿಯಲಿ ಅಂತ ಪಟ್ಟಿಗಳ ನಡುವೆ ಕಿರುಬೆರಳು ತೂರುವಷ್ಟು ಸಂದು ಬಿಟ್ಟಿದ್ದೇನೆ. ಅಮ್ಮ ಸಂಜೆ ಅಲ್ಲೇ ಕೂತು ಕವಳ ಹಾಕುತ್ತಾರೆ. ಅಡಿಕೆ ಹೋಳು ಸಂದಿನಿಂದ ಕೆಳಗೆ ಬಿದ್ದಾಗಲೆಲ್ಲ ನನ್ನ ಕಡೆ ನೋಡುತ್ತಾರೆ. ನಾನು ಬಗ್ಗಿ ಹೆಕ್ಕಿ ಕೊಡುತ್ತೇನೆ.