ಸ್ಪಷ್ಟನೆ: ದುಬೈ ಕಾಲ್ ಹೋಗುವುದು ಆಕಾಶದಲ್ಲಲ್ಲ, ಕಡಲಡಿಯಲ್ಲಿ
"ಮಳೆಮೋಡ ಉಪಗ್ರಹಕ್ಕೆ ಅಡ್ಡ ಬಂದಿದೆ, ಅದಕ್ಕೇ ದುಬೈಗೆ ವಿಡಿಯೋ ಕಾಲ್ ಸಿಗುತ್ತಿಲ್ಲ, ಹಣವೂ ಬರುವುದಿಲ್ಲ" ಎಂಬ ಮೆಸೇಜ್ ಮಂಗಳೂರಿನ ಗ್ರೂಪ್‌ಗಳಲ್ಲಿ ಓಡಾಡುತ್ತಿದೆ. ಮೊನ್ನೆ ನಾನೂ ಸುಮ್ನೆ ಫಾರ್ವರ್ಡ್ ಮಾಡಿದ್ದೆ. ಅದು ತಪ್ಪು.

ಖಂಡದಿಂದ ಖಂಡಕ್ಕೆ ಹೋಗುವ ಡೇಟಾದಲ್ಲಿ ಶೇ. 95ಕ್ಕಿಂತ ಜಾಸ್ತಿ ಕಡಲಡಿಯ ಫೈಬರ್ ಕೇಬಲ್‌ಗಳಲ್ಲೇ ಹರಿಯುತ್ತದೆ. ಬ್ಯಾಂಕ್ ವ್ಯವಹಾರವೂ ಅಲ್ಲೇ. ಆಳ ಕಡಲಿನಲ್ಲಿ ಈ ಕೇಬಲ್ ತೋಟಕ್ಕೆ ನೀರು ಬಿಡುವ ಪೈಪಿನಷ್ಟೇ ದಪ್ಪ! ನಮ್ಮ ಕಡೆ ಅವು ಮುಂಬೈ, ಚೆನ್ನೈ, ಕೊಚ್ಚಿಯಂಥ ಊರುಗಳಲ್ಲಿ ದಡ ಸೇರುತ್ತವೆ. ಅಲ್ಲಿಂದ ನೆಲದ ಕೇಬಲ್‌ನಲ್ಲಿ ನಮ್ಮೂರಿಗೆ.

2008ರ ಜನವರಿಯಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾ ಹತ್ತಿರ ಕೇಬಲ್ ತುಂಡಾಗಿ ಭಾರತದ ಇಂಟರ್ನೆಟ್ ಕುಂಟಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಕೆಂಪು ಸಮುದ್ರದಲ್ಲಿ ಮತ್ತೆ ಹಾಗೇ ಆಯಿತು. ಎರಡಕ್ಕೂ ಮೋಡ ಕಾರಣವಲ್ಲ. ಕೇಬಲ್ ಹಾಳಾಗುವುದು ಹೆಚ್ಚಾಗಿ ಹಡಗಿನ ಲಂಗರು, ಮೀನಿನ ಬಲೆಯಿಂದ. ಮಲ್ಪೆಯವರಿಗೆ ಇದು ಬೇಗ ಅರ್ಥವಾಗುತ್ತದೆ, ಅಲ್ವಾ?

ಮಳೆಗೆ ಮನೆಯ ಲೈನ್, ಟವರ್, ಕರೆಂಟ್ ಕೈಕೊಡಬಹುದು. ಅದು ಬೇರೆ ಮಾತು. ಆ ಮೆಸೇಜ್ ನಿಮ್ಮಲ್ಲಿದ್ದರೆ ದಯವಿಟ್ಟು ಮುಂದೆ ಕಳಿಸಬೇಡಿ. ನನ್ನಿಂದ ಬಂದಿದ್ದರೆ ಅಳಿಸಿಬಿಡಿ.