ಪಿಯಾನೋಗೆ ಪಕ್ಕವಾದ್ಯ

ನಮ್ಮ ಕಚೇರಿಗಳಲ್ಲಿ ಕ್ಯಾಂಟೀನು ಹೊರಗಿರುತ್ತದೆ. ಬೋಂಡಾ ತಿನ್ನಬೇಕು ಅನ್ನಿಸಿದವರು ತನಿ ಆವರ್ತನದ ಹೊತ್ತಿಗೆ ಮೆಲ್ಲಗೆ ಎದ್ದು ಹೋಗುತ್ತಾರೆ. ಮೃದಂಗದವರು ನೋಡಿಯೂ ನೋಡದ ಹಾಗೆ ಇರುತ್ತಾರೆ. ಜಾಝ್ ಕ್ಲಬ್ಬಿನಲ್ಲಿ ಈ ಕಳ್ಳಾಟ ಬೇಕಿಲ್ಲ. ಊಟ, ಕುಡಿತ, ಹರಟೆ, ಸಂಗೀತ ಎಲ್ಲ ಒಂದೇ ಕೋಣೆಯಲ್ಲಿ. ಟೇಬಲ್ಲಿಗೆ ಕೂತ ಮೇಲೆ ಇಂತಿಷ್ಟು ದುಡ್ಡಿನದು ತರಿಸಿಕೊಳ್ಳಲೇಬೇಕು ಅನ್ನುವ ನಿಯಮವೂ ಅನೇಕ ಕ್ಲಬ್ಬುಗಳಲ್ಲಿ ಉಂಟು. ಹೀಗಾಗಿ ಅಲ್ಲಿ ಮಾಡಿದ ರೆಕಾರ್ಡಿಂಗಿನಲ್ಲಿ ಪಿಯಾನೋ ಜೊತೆಗೆ ಚಮಚ, ಗ್ಲಾಸು, ಯಾರದೋ ಕೆಮ್ಮು ಎಲ್ಲವೂ ಬಂದು ಕೂತಿರುತ್ತವೆ. ಕೆಲವರಿಗೆ ಇದು ಕಿರಿಕಿರಿ. ನನಗಂತೂ ಇವು ಇಲ್ಲದಿದ್ದರೆ ಏನೋ ಕಮ್ಮಿ ಅನ್ನಿಸುತ್ತದೆ.

ಪಿಯಾನೋ ವಾದಕ ಬಿಲ್ ಇವಾನ್ಸ್ ತಮ್ಮ ಟ್ರಿಯೋ, ಅಂದರೆ ಮೂವರ ತಂಡದ ಜೊತೆ ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನಲ್ಲಿ 1961ರ ಜೂನ್ 25ರಂದು ನುಡಿಸಿದ್ದು ಜಾಝ್ ಲೋಕದಲ್ಲಿ ಬಹಳ ಹೆಸರಾದ ರೆಕಾರ್ಡಿಂಗು. ಭಾನುವಾರ. ಅದೊಂದು ನೆಲಮಾಳಿಗೆ, ಇವತ್ತಿಗೂ ನೂರಿಪ್ಪತ್ತು ಜನ ಕೂತರೆ ತುಂಬಿಹೋಗುವ ಜಾಗ. ಮೊದಲ ಹಾಡಿನಲ್ಲೇ ಕರೆಂಟು ಕೈಕೊಟ್ಟು ಸ್ವಲ್ಪ ಭಾಗ ಹಾರಿಹೋಗಿದೆ. ಪಿಯಾನೋ ಪಿಸುಗುಡುವ ಹಾಗೆ ಸಾಗುತ್ತಿರುವಾಗಲೇ ಹಿಂದೆ ಯಾರೋ ಹಾಯಾಗಿ ಮಾತಾಡುತ್ತಿರುತ್ತಾರೆ, ಗ್ಲಾಸಿಗೆ ಗ್ಲಾಸು ತಾಗುತ್ತದೆ, ಒಬ್ಬರು ನಗುತ್ತಾರೆ. ಆ ನಗು ಆಮೇಲೆ ಪ್ರಪಂಚವೆಲ್ಲ ಸುತ್ತಿತು. ರಾಯಲ್ಟಿ ಮಾತ್ರ ಬಂದಿರಲಿಕ್ಕಿಲ್ಲ.

ಕ್ಲಬ್ಬಿನ ಗದ್ದಲಕ್ಕೆ ಎಷ್ಟು ಬೆಲೆ ಇದೆ ಅಂದರೆ, ಅದನ್ನು ತಯಾರಿಸಿ ಮಾರಿದವರೂ ಇದ್ದಾರೆ. ಸ್ಯಾಕ್ಸೋಫೋನ್ ವಾದಕ ಕ್ಯಾನನ್‌ಬಾಲ್ ಆಡರ್ಲಿ ಅವರ 1966ರ ಒಂದು ಪ್ರಸಿದ್ಧ ರೆಕಾರ್ಡಿನ ಮೇಲೆ ಅದು ಷಿಕಾಗೋದ ಕ್ಲಬ್ಬೊಂದರಲ್ಲಿ ನುಡಿಸಿದ್ದು ಅಂತಿದೆ. ನಿಜವಾಗಿ ಅದು ನಡೆದದ್ದು ಹಾಲಿವುಡ್‌ನ ಸ್ಟುಡಿಯೋದಲ್ಲಿ. ಜನರನ್ನು ಕರೆದು ಕೂರಿಸಿ, ಕುಡಿಯೋಕೆ ಧಾರಾಳವಾಗಿ ಕೊಟ್ಟು, ಮೈಕ್ ಆನ್ ಮಾಡಿದರು. ಚಪ್ಪಾಳೆ, ಕೇಕೆ, ಶಿಳ್ಳೆ ಎಲ್ಲ ಅಸಲಿ. ಕ್ಲಬ್ಬು ಮಾತ್ರ ಸುಳ್ಳು.

ನಾನು ಪದೇ ಪದೇ ಕೇಳುವುದು ಇನ್ನೊಂದನ್ನು. ಅದು ನ್ಯೂಯಾರ್ಕಿನ ಬ್ಲೂ ನೋಟ್ ಕ್ಲಬ್ಬಿನಲ್ಲಿ ಪಿಯಾನೋ ವಾದಕ ಆಸ್ಕರ್ ಪೀಟರ್ಸನ್ 1990ರಲ್ಲಿ ನುಡಿಸಿದ್ದು. ಮಾರ್ಚ್ 16, 17, 18. ಶುಕ್ರವಾರ, ಶನಿವಾರ, ಭಾನುವಾರ. ಮೂರು ರಾತ್ರಿ ನುಡಿಸಿದ್ದನ್ನು ನಾಲ್ಕು ಆಲ್ಬಂ ಮಾಡಿ ತೆಗೆದರು. ಮೊದಲ ಆಲ್ಬಮ್ಮಿಗೆ ಎರಡು ಗ್ರ್ಯಾಮಿಯೂ ಬಂತು. ಹೊದಿಕೆಯ ಮೇಲೆ ದೊಡ್ಡದಾಗಿ ‘ಟ್ರಿಯೋ’ ಅಂತಿದೆ, ಆದರೆ ಎಣಿಸಿದರೆ ನಾಲ್ಕು ಜನ: ಪಿಯಾನೋದಲ್ಲಿ ಪೀಟರ್ಸನ್, ಗಿಟಾರಿನಲ್ಲಿ ಹರ್ಬ್ ಎಲಿಸ್, ಬೇಸ್‌ನಲ್ಲಿ (ನಿಲ್ಲಿಸಿಕೊಂಡು ನುಡಿಸುವ, ದೊಡ್ಡ ಪಿಟೀಲಿನಂಥ ಮಂದ್ರದ ವಾದ್ಯ) ರೇ ಬ್ರೌನ್, ಡ್ರಮ್ಸ್‌ನಲ್ಲಿ ಬಾಬಿ ಡರ್ಹಮ್. ಪಾಪ, ಲೆಕ್ಕಕ್ಕೆ ಸಿಗದವರು ಡರ್ಹಮ್. ಯಾಕೆಂದರೆ ಮಿಕ್ಕ ಮೂವರ ಟ್ರಿಯೋ 1950ರ ದಶಕದ್ದು, ಆಗ ಡ್ರಮ್ಸೇ ಇರಲಿಲ್ಲ.

ರೆಕಾರ್ಡ್ ಮಾಡಿದ ಕಂಪನಿ ಟೆಲಾರ್ಕ್. ಅವರು 1970ರ ದಶಕದ ಕೊನೆಯಲ್ಲಿ ರಷ್ಯಾದ ಚೈಕೋವ್‌ಸ್ಕಿಯ ಸಂಗೀತಕ್ಕೆ ನಿಜವಾದ ಫಿರಂಗಿ ಹಾರಿಸಿ, ‘ನಿಮ್ಮ ಸ್ಪೀಕರ್ ಹುಷಾರು’ ಅನ್ನುವ ಎಚ್ಚರಿಕೆಯನ್ನೂ ಅಚ್ಚು ಹಾಕಿ ಮಾರಿದವರು. ಅಂಥವರು ಊಟದ ಟೇಬಲ್ಲುಗಳ ನಡುವೆ ಮೈಕ್ ಇಟ್ಟುಕೊಂಡು ಕೂತದ್ದು ನೆನೆದರೆ ನನಗೆ ನಗು ಬರುತ್ತದೆ. ಆದರೆ ಕೆಲಸ ಶುದ್ಧವಾಗಿದೆ. ಬೇಸ್‌ನ ದಪ್ಪ ತಂತಿಯನ್ನು ಬ್ರೌನ್ ಎಳೆದು ಬಿಡುವಾಗ ಮೊದಲು ಬೆರಳು, ಆಮೇಲೆ ಮರ, ಆಮೇಲೆ ಸ್ವರ ಕೇಳಿಸುತ್ತದೆ. ಪೀಟರ್ಸನ್ ನುಡಿಸುತ್ತಾ ನುಡಿಸುತ್ತಾ ಒಳಗೊಳಗೇ ಗುನುಗುವುದೂ ಕೇಳಿಸುತ್ತದೆ. ಅವರ ಬೆರಳು ಹೋಗುವ ವೇಗಕ್ಕೆ ಗಂಟಲು ಹೋಗುವುದಿಲ್ಲ. ಆದರೂ ಬಿಡುವುದಿಲ್ಲ ಅವರು.

ಪೀಟರ್ಸನ್ ಹುಟ್ಟಿದ್ದು 1925ರಲ್ಲಿ, ಕೆನಡಾದ ಮಾಂಟ್ರಿಯಲ್‌ನಲ್ಲಿ. ಅಪ್ಪ ರೈಲ್ವೆಯಲ್ಲಿ ಪೋರ್ಟರ್. ಪೀಟರ್ಸನ್ ಅಮೆರಿಕಕ್ಕೆ ಬಂದದ್ದರ ಬಗ್ಗೆ ಒಂದು ಕಥೆ ಇದೆ. ನಾರ್ಮನ್ ಗ್ರಾಂಜ್ ಅನ್ನುವ ಸಂಗೀತ ಸಂಘಟಕರು ಮಾಂಟ್ರಿಯಲ್‌ನಲ್ಲಿ ಟ್ಯಾಕ್ಸಿ ಹತ್ತಿ ಏರ್‌ಪೋರ್ಟ್‌ಗೆ ಹೊರಟಿದ್ದರಂತೆ. ರೇಡಿಯೋದಲ್ಲಿ ಪಿಯಾನೋ ಬರುತ್ತಿತ್ತು. ಯಾವ ರೆಕಾರ್ಡಪ್ಪಾ ಇದು ಅಂದರೆ, ಡ್ರೈವರ್ ಹೇಳಿದನಂತೆ, ರೆಕಾರ್ಡ್ ಅಲ್ಲ ಸಾರ್, ಇಲ್ಲೇ ಆಲ್ಬರ್ಟಾ ಲೌಂಜ್‌ನಲ್ಲಿ ಈಗ ನಡೀತಿದೆ ಅಂತ. ಗ್ರಾಂಜ್ ಟ್ಯಾಕ್ಸಿ ತಿರುಗಿಸಿದರು. 1949ರಲ್ಲಿ ಪೀಟರ್ಸನ್ ನ್ಯೂಯಾರ್ಕಿನ ಕಾರ್ನೆಗೀ ಹಾಲ್‌ನಲ್ಲಿ ನುಡಿಸಿದರು. ಕಥೆಗೆ ಸ್ವಲ್ಪ ಮಸಾಲೆ ಬಿದ್ದಿರಬಹುದು, ಅಲ್ವಾ? ಇರಲಿ, ಆ ಡ್ರೈವರ್ ಮೇಲೆ ನನಗೆ ಗೌರವ ಇದೆ. ಬೇರೆ ಸ್ಟೇಷನ್ ಹಾಕಿಕೊಂಡಿದ್ದರೆ?

ಈಗ ಗಿಟಾರಿನ ವಿಷಯಕ್ಕೆ ಬರುತ್ತೇನೆ. ಈ ರೆಕಾರ್ಡನ್ನು ನಾನು ಮತ್ತೆ ಮತ್ತೆ ಹಾಕುವುದು ಆ ಒಬ್ಬ ಮನುಷ್ಯನಿಗಾಗಿ.

ಪಿಯಾನೋ ಇರುವ ಕಡೆ ಗಿಟಾರಿಗೆ ಕೆಲಸ ಕಷ್ಟ. ನಮ್ಮ ಪಿಟೀಲಿನವರು ಹಾಡುಗಾರರ ಹಿಂದೆ ಒಂದೇ ಎಳೆಯಾಗಿ ಹೋಗುತ್ತಾರೆ. ಹಾಡಿದ್ದನ್ನೇ ನುಡಿಸಿದರೂ ಚೆಂದ, ಒಂದು ಹೆಜ್ಜೆ ಹಿಂದೆ ಬಂದರೂ ಚೆಂದ. ಪಿಯಾನೋ ಮತ್ತು ಗಿಟಾರಿಗೆ ಆ ಸುಖ ಇಲ್ಲ. ಎರಡೂ ಕಾರ್ಡ್ ಹಿಡಿಯುವ ವಾದ್ಯಗಳು, ಅಂದರೆ ಮೂರು ನಾಲ್ಕು ಸ್ವರಗಳನ್ನು ಒಟ್ಟಿಗೆ ನುಡಿಸುವಂಥವು. ಎರಡೂ ಹೆಚ್ಚುಕಡಿಮೆ ಅದೇ ಮಧ್ಯದ ಸ್ಥಾಯಿಯಲ್ಲಿ ಓಡಾಡುತ್ತವೆ. ಜಾಝ್‌ನಲ್ಲಿ ಅದೇ ಕಾರ್ಡನ್ನು ಆಯಾ ಹೊತ್ತಿನ ಮನಸ್ಸಿನಂತೆ ಬದಲಾಯಿಸುವ ಸ್ವಾತಂತ್ರ್ಯ ಬೇರೆ. ಇವರು ಒಂದು ಸ್ವರ ಸೇರಿಸಿ, ಅದೇ ಗಳಿಗೆಯಲ್ಲಿ ಅವರು ಅದರ ಪಕ್ಕದ್ದನ್ನು ಸೇರಿಸಿದರೆ ಕಿವಿಗೆ ಕಲ್ಲು ಸಿಕ್ಕ ಹಾಗಾಗುತ್ತದೆ. ಅದರಲ್ಲೂ ಪಿಯಾನೋದಲ್ಲಿ ಕೂತಿರುವವರು ಪೀಟರ್ಸನ್. 88 ಮನೆಗಳಲ್ಲಿ ಒಂದನ್ನೂ ಖಾಲಿ ಬಿಡುವ ಆಸಾಮಿಯಲ್ಲ. ಅಂಥವರ ಪಕ್ಕದಲ್ಲಿ ಆರು ತಂತಿ ಹಿಡಿದುಕೊಂಡು ಏನು ಮಾಡಬೇಕು?

ಪಿಯಾನೋ, ಗಿಟಾರ್, ಬೇಸ್ ಅನ್ನುವ ಈ ಜೋಡಣೆಯನ್ನು ಜನಪ್ರಿಯ ಮಾಡಿದ್ದು ನ್ಯಾಟ್ ಕಿಂಗ್ ಕೋಲ್. ಹಾಡುಗಾರ ಅಂತಲೇ ಅವರನ್ನು ಈಗ ನೆನೆಯುತ್ತಾರೆ, ಮೂಲತಃ ಒಳ್ಳೆಯ ಪಿಯಾನೋ ವಾದಕ. ಇನ್ನೊಬ್ಬ ಪಿಯಾನೋ ವಾದಕ ಆರ್ಟ್ ಟೇಟಮ್ ಕೂಡ ಅದೇ ಜೋಡಣೆ ಇಟ್ಟುಕೊಂಡರು. ಪೀಟರ್ಸನ್ ಆ ದಾರಿ ಹಿಡಿದರು. ಟೆಕ್ಸಸ್‌ನ ಹರ್ಬ್ ಎಲಿಸ್ 1953ರಲ್ಲಿ ಬಂದು ಸೇರಿಕೊಂಡು 1958ರ ತನಕ ಇದ್ದರು. ಎಲಿಸ್ ಬಿಳಿಯರು, ಇನ್ನಿಬ್ಬರು ಕಪ್ಪು ಜನ. ಬಿಳಿಯರಿಗೆ ಬೇರೆ, ಕಪ್ಪು ಜನಕ್ಕೆ ಬೇರೆ ಅಂತ ಸೀಟು ಹಾಕುತ್ತಿದ್ದ ಕಾಲ ಅದು. ಸಂಘಟಕ ಗ್ರಾಂಜ್ ಅದಕ್ಕೆ ಒಪ್ಪುತ್ತಿರಲಿಲ್ಲ. ತಮ್ಮ ಕಾರ್ಯಕ್ರಮ ಬೇಕಿದ್ದರೆ ಎಲ್ಲರೂ ಒಟ್ಟಿಗೇ ಕೂರಬೇಕು ಅನ್ನುತ್ತಿದ್ದರು.

ಡ್ರಮ್ಸ್ ಇಲ್ಲದ ಆ ವರ್ಷಗಳಲ್ಲಿ ಎಲಿಸ್ ಒಂದು ಉಪಾಯ ಕಂಡುಕೊಂಡಿದ್ದರು. ಎಡಗೈಯಿಂದ ತಂತಿಗಳ ಬಾಯಿ ಮುಚ್ಚಿ, ಬಲಗೈ ಬೆರಳುಗಳಿಂದ ತಟ್ಟುವುದು. ಸ್ವರ ಹುಟ್ಟುವುದಿಲ್ಲ, ‘ಟಕ ಟಕ’ ಅನ್ನುವ ಪೆಟ್ಟು ಮಾತ್ರ. ಸುಮ್ನೆ ಕೇಳಿದರೆ ಯಾರೋ ಬಾಂಗೋ ಅನ್ನುವ ಪುಟ್ಟ ಜೋಡಿ ಡ್ರಮ್ಮು ಬಾರಿಸುತ್ತಿದ್ದಾರೆ ಅನ್ನಬೇಕು. ಎಷ್ಟು ಜಾಣತನ ನೋಡಿ: ಸ್ವರವೇ ಇಲ್ಲದ ಮೇಲೆ ಪಿಯಾನೋ ಜೊತೆ ಜಗಳ ಎಲ್ಲಿಂದ ಬರಬೇಕು?

ಎಲಿಸ್ ಬಿಟ್ಟುಹೋದ ಮೇಲೆ ಪೀಟರ್ಸನ್ ಆ ಜಾಗಕ್ಕೆ ಇನ್ನೊಬ್ಬ ಗಿಟಾರಿನವರನ್ನು ತರದೆ ಡ್ರಮ್ಸ್‌ನ ಎಡ್ ಥಿಗ್‌ಪೆನ್ ಅವರನ್ನು ತಂದರು. 1970ರ ದಶಕದಲ್ಲಿ ಜೋ ಪಾಸ್ ಜೊತೆ ಮತ್ತೆ ಗಿಟಾರ್ ಬಂತು. 1973ರಲ್ಲಿ ಷಿಕಾಗೋದ ಲಂಡನ್ ಹೌಸ್‌ನಲ್ಲಿ ಅವರಿಬ್ಬರೂ ಡೆನ್ಮಾರ್ಕಿನ ಬೇಸ್ ವಾದಕ ನೀಲ್ಸ್-ಹೆನ್ನಿಂಗ್ ಓರ್ಸ್ಟೆಡ್ ಪೆಡರ್ಸನ್ ಜೊತೆ ನುಡಿಸಿದ್ದಕ್ಕೂ ಗ್ರ್ಯಾಮಿ ಸಿಕ್ಕಿತು. ಬಹಳ ಜನ ಅದೇ ಮೇಲು ಅನ್ನುತ್ತಾರೆ. ಅಲ್ಲಿ ಮೂವರೂ ಓಟದ ಕುದುರೆಗಳು. ಕೇಳಿ ಮುಗಿಸುವಷ್ಟರಲ್ಲಿ ನನಗೇ ಏದುಸಿರು.

1990ರ ಬ್ಲೂ ನೋಟ್‌ಗೆ ಬರುವ ಹೊತ್ತಿಗೆ ಪೀಟರ್ಸನ್‌ಗೆ 64, ಬ್ರೌನ್‌ಗೆ 63, ಎಲಿಸ್‌ಗೆ 68. ಯಾರಿಗೂ ಏನೂ ಸಾಬೀತು ಮಾಡಬೇಕಾಗಿಲ್ಲ. ಪೀಟರ್ಸನ್ ಮಾತ್ರ ಇನ್ನೂ ಸಾಬೀತು ಮಾಡುತ್ತಲೇ ಇದ್ದಾರೆ. ‘ಸ್ವೀಟ್ ಜಾರ್ಜಿಯಾ ಬ್ರೌನ್’ ಹಾಕಿ ಕೇಳಿ. ಆ ಓಟದ ಅಡಿಯಲ್ಲಿ ಎಲಿಸ್ ಏನು ಮಾಡುತ್ತಿದ್ದಾರೆ ಅಂತ ಕಿವಿ ಇಡಿ. ಎಣಿಕೆಗೆ ಒಂದರಂತೆ ಸಣ್ಣ ಮೀಟು, ಚಕ್, ಚಕ್, ಚಕ್, ಚಕ್. ಕಾರ್ಡ್ ಹುಟ್ಟಿದ ಕೂಡಲೇ ಬೆರಳು ಸಡಿಲಿಸಿ ಅದನ್ನು ಅಲ್ಲೇ ನಿಲ್ಲಿಸಿಬಿಡುತ್ತಾರೆ. ದನಿಯಾಗಿ ಅದು ಅಷ್ಟಾಗಿ ಗಮನಕ್ಕೇ ಬರುವುದಿಲ್ಲ, ಆದರೆ ತೆಗೆದರೆ ಪಿಯಾನೋ ಕಾಲು ಜಾರುತ್ತದೆ. ಮಧ್ಯೆ ಮಧ್ಯೆ ಅದನ್ನೂ ನಿಲ್ಲಿಸುತ್ತಾರೆ. ಪಕ್ಕದಲ್ಲಿ ಅಷ್ಟೊಂದು ಸ್ವರ ಸುರಿಯುತ್ತಿರುವಾಗ ಕೈ ಕಟ್ಟಿ ಕೂರುವುದಕ್ಕೆ ಎಷ್ಟು ಧೈರ್ಯ ಬೇಕು ಅಂತ ನಾಲ್ಕು ಜನ ಒಟ್ಟಿಗೆ ಮಾತಾಡುವ ಮನೆಯಲ್ಲಿ ಬೆಳೆದವರಿಗೆ ಗೊತ್ತು.

ಎಲ್ಲವೂ ಓಟವಲ್ಲ. ‘ಪೀಸ್ ಫಾರ್ ಸೌತ್ ಆಫ್ರಿಕಾ’ ಅನ್ನುವ ಪೀಟರ್ಸನ್ ಅವರದೇ ರಚನೆ ಒಂದಿದೆ. ನೆಲ್ಸನ್ ಮಂಡೇಲಾ ಜೈಲಿನಿಂದ ಹೊರಬಂದದ್ದು 1990ರ ಫೆಬ್ರವರಿ 11ರಂದು. ಇದನ್ನು ಬ್ಲೂ ನೋಟ್‌ನಲ್ಲಿ ನುಡಿಸಿದ್ದು ಸುಮಾರು ಐದು ವಾರದ ಮೇಲೆ. ಕೂತಿದ್ದವರಿಗೆ ಅದು ಪತ್ರಿಕೆಯಲ್ಲಿ ಇನ್ನೂ ಓದುತ್ತಿದ್ದ ಸುದ್ದಿ. ಅದು ಮುಗಿದ ಮೇಲೆ ಬರುವ ಹಾಡಿನ ಹೆಸರು ‘ಸುಶಿ’. ಕ್ಲಬ್ಬಿನಲ್ಲಿ ಹೀಗೇ.

1993ರಲ್ಲಿ ಪೀಟರ್ಸನ್‌ಗೆ ಪಾರ್ಶ್ವವಾಯು ಹೊಡೆದು ಎಡಗೈ ಬಲ ಕುಂದಿತು. ಅವರು ಮತ್ತೆ ವೇದಿಕೆಗೆ ಬಂದರು, 2007ರಲ್ಲಿ ತೀರಿಕೊಳ್ಳುವವರೆಗೂ ಹೆಚ್ಚುಕಡಿಮೆ ನುಡಿಸುತ್ತಲೇ ಇದ್ದರು. ಆದರೆ ಆ ಎಡಗೈ ಪೂರ್ತಿ ವಾಪಸ್ಸು ಬರಲಿಲ್ಲ. ಬ್ಲೂ ನೋಟ್‌ನಲ್ಲಿ ಎರಡೂ ಕೈ ಇವೆ, ಎರಡೂ ಜೋರಾಗಿವೆ.

ಮೊದಲ ಆಲ್ಬಮ್ಮಿನ ಕೊನೆಯದು ಒಂದು ಬ್ಲೂಸ್. ಬ್ಲೂಸ್ ಅಂದರೆ ಸಾಮಾನ್ಯವಾಗಿ 12 ಬಾರ್‌ಗಳ (ನಮ್ಮ ತಾಳದ ಆವರ್ತದಂಥ ಅಳತೆ) ಚಿಕ್ಕ ಚೌಕಟ್ಟು, ಅದೇ ಸುತ್ತಿ ಸುತ್ತಿ ಬರುತ್ತಿರುತ್ತದೆ. ಟೆಕ್ಸಸ್‌ನವರಿಗೆ ಬ್ಲೂಸ್ ಬೇರೆ ಹೇಳಿಕೊಡಬೇಕಾ? ಎಲಿಸ್ ಅವಸರ ಮಾಡುವುದಿಲ್ಲ. ತಂತಿಯನ್ನು ಒಂಚೂರು ಬಗ್ಗಿಸಿ ಸ್ವರವನ್ನು ಎಳೆಯುತ್ತಾರೆ, ಅದೇ ಮಾತನ್ನು ಇನ್ನೊಮ್ಮೆ ಹೇಳುತ್ತಾರೆ, ಮೂರನೇ ಸಲ ಸ್ವಲ್ಪ ತಿರುಚುತ್ತಾರೆ. ಗಿಟಾರು ಮುಂದೆ ಬಂದಾಗೆಲ್ಲ ಪಕ್ಕವಾದ್ಯ ಪೀಟರ್ಸನ್. ಈ ಮನುಷ್ಯನಿಗೆ ಕಮ್ಮಿ ನುಡಿಸೋಕೆ ಬರುತ್ತಾ ಅಂತ ಅನುಮಾನ ಇದ್ದವರು ಎಲಾ ಫಿಟ್ಸ್‌ಜೆರಾಲ್ಡ್ ಮತ್ತು ಲೂಯಿ ಆರ್ಮ್‌ಸ್ಟ್ರಾಂಗ್ 1956ರಲ್ಲಿ ಜೊತೆಯಾಗಿ ಹಾಡಿದ ರೆಕಾರ್ಡ್ ಕೇಳಬಹುದು. ಹಿಂದೆ ನುಡಿಸಿರುವವರು ಇದೇ ಮೂವರು, ಜೊತೆಗೆ ಡ್ರಮ್ಸ್‌ನಲ್ಲಿ ಬಡ್ಡಿ ರಿಚ್. ಹಾಡಿನ ಸಾಲು ಮುಗಿದು ಇನ್ನೊಂದು ಶುರುವಾಗುವ ಸಂದಿನಲ್ಲಿ ಪಿಯಾನೋ ಎರಡೇ ಎರಡು ಮಾತಾಡಿ ಪಕ್ಕಕ್ಕೆ ಸರಿಯುತ್ತದೆ. ಹಾಗಾದರೆ ಎಲಿಸ್ ಹತ್ತಿರ ಮಾತ್ರ ಯಾಕೆ ಅಷ್ಟು ಸ್ವರ ಸುರಿಯುತ್ತಿದ್ದರು? ಬಹುಶಃ ಅವರು ತಡೆದುಕೊಳ್ಳುತ್ತಾರೆ ಅಂತ ಗೊತ್ತಿತ್ತು.