ಮೋರಿಯ ಬಾಯಿಗೆ ಹದಿನಾಲ್ಕನೇ ನಂಬರ್ ಸೈಟು

ಕಳೆದ ಭಾನುವಾರ ಅಕ್ಕನ ಮಗನ ಜೊತೆ ನೆಲಮಂಗಲದ ಆಚೆ ಒಂದು ಸೈಟು ನೋಡಲು ಹೋಗಿದ್ದೆ. ಅವನಿಗೆ ಈಗ ಮೂವತ್ತೆರಡು. ಪೀಣ್ಯದಲ್ಲಿ ಕೆಲಸ, ಬಾಡಿಗೆ ಮನೆ, ಒಂದು ಮಗು. ಆರು ವರ್ಷ ಚೀಟಿ ಕಟ್ಟಿದ್ದಾನೆ. ಅದಕ್ಕೆ ಹೆಂಡತಿಯ ಒಡವೆ, ಊರಲ್ಲಿ ಪಾಲಿಗೆ ಬಂದ ಹಣ ಎಲ್ಲ ಸೇರಿಸಿ ಸೈಟಿಗೆ ಕೈ ಹಾಕಿದ್ದಾನೆ. "ಮಾಮ, ನೀವು ಒಂದ್ಸಲ ನೋಡಿ ಹೂಂ ಅನ್ನಿ, ಆಮೇಲೆ ಅಡ್ವಾನ್ಸ್ ಕೊಡ್ತೀನಿ" ಅಂದ.

ಲೇಔಟ್ ನೋಡಲು ಚೆನ್ನಾಗಿಯೇ ಇತ್ತು. ಮುಂದೆ ಕಮಾನು, ಎರಡು ಸಾಲು ಪಾಮ್ ಗಿಡ, ಸುಣ್ಣ ಬಳಿದ ಸೈಟ್ ಕಲ್ಲು. ಎಲ್ಲ ಕಡೆ ಕೆಂಪು ಮಣ್ಣು ಹೊಡೆಸಿ ಮಟ್ಟ ಮಾಡಿದ್ದರು. ಪಕ್ಕದ ಹೊಲದಲ್ಲಿ ರಾಗಿ ಕೊಯ್ದ ಕೂಳೆ ಇನ್ನೂ ನಿಂತಿತ್ತು. ಅವನು ಬ್ರೋಕರ್ ಜೊತೆ ಮಾತಾಡುತ್ತಿದ್ದ. ನಾನು ಸುಮ್ನೆ ಹಳ್ಳಿ ರಸ್ತೆ ಕಡೆ ನಡೆದೆ.

ಅಲ್ಲಿ ರಸ್ತೆ ಕೆಳಗೆ ಒಂದು ಹಳೇ ಕಲ್ಲಿನ ಮೋರಿ ಇದೆ. ಎರಡು ಕಡೆ ಚಪ್ಪಡಿ ನಿಲ್ಲಿಸಿ, ಮೇಲೆ ಚಪ್ಪಡಿ ಹಾಸಿ ಕಟ್ಟಿದ್ದು. ದೊಡ್ಡವರು ಬಗ್ಗಿದರೆ ಒಳಗೆ ನುಸುಳಬಹುದು, ಅಷ್ಟು ಅಗಲ. ರಸ್ತೆಯ ಮೇಲಿನ ಕಡೆಯಿಂದ ಹಳ್ಳ ಬರುತ್ತದೆ. ಲಕ್ಕಿ ಗಿಡ, ಜೊಂಡು, ನೀರು ತಂದು ಹಾಕಿದ ಮರಳು. ಕೆಳಗಿನ ಕಡೆಗೆ ಹೋಗಿ ನೋಡಿದೆ. ಮೋರಿಯ ಬಾಯಿಗೆ ನೇರ ಎದುರು ಕೆಂಪು ಮಣ್ಣಿನ ಗುಡ್ಡೆ. ಅದರ ಮೇಲೆ ಸೈಟ್ ಕಲ್ಲು. ನಂಬರ್ 14. ನಮ್ಮ ಹುಡುಗನಿಗೆ ತೋರಿಸಿದ್ದು 15.

ಆ ಮೋರಿ ಕಟ್ಟಿದವರಿಗೆ ಇಲ್ಲಿ ನೀರು ಬರುತ್ತದೆ ಅಂತ ಗೊತ್ತಿತ್ತು. ಮಣ್ಣು ಸುರಿಸಿದವರಿಗೂ ಗೊತ್ತಿರಲೇಬೇಕು, ಮೋರಿ ಕಣ್ಣೆದುರಿಗೇ ಇದೆ. ಎರಡು ದಿನದಿಂದ ಇದೇ ತಲೆಯಲ್ಲಿ ಸುತ್ತುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ನಾನೂ ಇಂಥದ್ದೇ ಸೈಟು ತಗೊಂಡವನು. 2003ರಲ್ಲಿ, ಬೇಗೂರು ಹೋಬಳಿಯ ಒಂದು ಹಳ್ಳಿಯಲ್ಲಿ, 30×40. ಅದಕ್ಕೆ ಮೊದಲು ಸರ್ಕಾರಿ ಸೈಟಿಗೆ ಎರಡು ಸಲ ಅರ್ಜಿ ಹಾಕಿದ್ದೆ, ಸಿಗಲಿಲ್ಲ. ಖಾಸಗಿಯವರ ಅಪ್ರೂವ್ಡ್ ಲೇಔಟಿನಲ್ಲಿ ಕೊಳ್ಳುವ ಶಕ್ತಿ ಇರಲಿಲ್ಲ. ಅಪ್ರೂವಲ್ ಇಲ್ಲದೆ ಹೊಲವನ್ನೇ ತುಂಡು ಮಾಡಿ ಮಾರುವ ರೆವಿನ್ಯೂ ಸೈಟು ಕೈಗೆಟುಕಿತು, ತಗೊಂಡೆ. ನಮ್ಮ ಬೀದಿಯಲ್ಲಿ ಇರುವವರೆಲ್ಲ ಹೀಗೇ ಬಂದವರು. ಬಸ್ ಕಂಡಕ್ಟರ್, ಗಾರ್ಮೆಂಟ್ಸ್ ಸೂಪರ್‌ವೈಸರ್, ಮೇಷ್ಟ್ರು, ಪ್ರಾವಿಷನ್ ಸ್ಟೋರ್ ಇಟ್ಟವರು. ಯಾರೂ ಕಾನೂನು ಮುರಿಯಬೇಕು ಅಂತ ಬಂದವರಲ್ಲ. ತಿಂಗಳ ಸಂಬಳದಲ್ಲಿ ಬೇರೆ ದಾರಿ ಇರಲಿಲ್ಲ.

2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿ ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಮಾಡಿದರು. ಆ ಹಳ್ಳಿಗಳಲ್ಲಿ ನಮ್ಮದೂ ಒಂದು. ನಮಗೆಲ್ಲ ಎಷ್ಟು ಖುಷಿ ಆಗಿತ್ತು ಗೊತ್ತಾ? ಇನ್ನು ಕಾವೇರಿ ನೀರು ಬರುತ್ತದೆ ಅಂದುಕೊಂಡೆವು. 110 ಹಳ್ಳಿಗಳಿಗೆ ಅಂತ ಹಾಕಿಕೊಂಡ ಕಾವೇರಿ ಐದನೇ ಹಂತ ಚಾಲೂ ಆಗಿದ್ದು 2024ರ ಅಕ್ಟೋಬರ್‌ನಲ್ಲಿ. ಹದಿನೇಳು ವರ್ಷ. 2007ರಲ್ಲಿ ಒಂದನೇ ಕ್ಲಾಸಿಗೆ ಸೇರಿದ ನನ್ನ ಮಗಳು, ನಮ್ಮ ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ ಕೆಲಸಕ್ಕೆ ಹೋಗುತ್ತಿದ್ದಳು. ಬೇಗೂರಿನ ದೇವಸ್ಥಾನದಲ್ಲಿ ಒಂದು ವೀರಗಲ್ಲು ಇದೆ. ಸುಮಾರು 890ರ ಕಾಲದ್ದು. ಬೆಂಗಳೂರು ಅನ್ನೋ ಹೆಸರು ಕಾಣುವ ತುಂಬಾ ಹಳೇ ಶಾಸನ ಅದು. ಆ ಹೆಸರನ್ನು ಸಾವಿರ ವರ್ಷದಿಂದ ಕಲ್ಲಿನಲ್ಲಿ ಇಟ್ಟುಕೊಂಡ ಊರಿನ ಹೆಂಗಸರು 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಒಣಗಿ, ರಾತ್ರಿ ಹನ್ನೊಂದಕ್ಕೆ ಟ್ಯಾಂಕರ್‌ನವನಿಗೆ ಫೋನ್ ಮಾಡಿಕೊಂಡು ಕೂತಿದ್ದರು.

ನೀರು ಹೇಗೋ ಬಂತು. ಪೈಪ್ ಹಾಕಬಹುದು, ರಸ್ತೆ ಅಗೆಯಬಹುದು, ಮುಚ್ಚಬಹುದು. ಬರದೇ ಇರುವುದು ಬೇರೆ ಇದೆ. ಅದನ್ನೇ ನಾನು ಇಲ್ಲಿ ಹೇಳಬೇಕಾಗಿರೋದು.

ಒಂದು ಲೆಕ್ಕ ನೋಡಿ. ಒಂದು ಎಕರೆ ಅಂದರೆ 40 ಗುಂಟೆ, 43,560 ಚದರಡಿ. ಕಾನೂನು ಪ್ರಕಾರ ಲೇಔಟ್ ಮಾಡಿದರೆ ಸೈಟಿಗೆ ಸಿಗುವುದು ನೂರಕ್ಕೆ ಸುಮಾರು 55 ಭಾಗ. ಉಳಿದದ್ದು ರಸ್ತೆಗೆ, ಪಾರ್ಕಿಗೆ, ಶಾಲೆಯಂಥ ಸಾರ್ವಜನಿಕ ಕೆಲಸಕ್ಕೆ ಬಿಡಬೇಕು. ಅಂದರೆ ಎಕರೆಗೆ 30×40 ಸೈಟು ಇಪ್ಪತ್ತು. ರೆವಿನ್ಯೂ ಲೇಔಟಿನಲ್ಲಿ ಪಾರ್ಕ್ ಇಲ್ಲ, ಶಾಲೆಗೆ ಜಾಗ ಇಲ್ಲ, ರಸ್ತೆ ಇಪ್ಪತ್ತು ಅಡಿ. ಎಕರೆಯಲ್ಲಿ ಮುಕ್ಕಾಲು ಭಾಗ ಸೈಟಾದರೆ ಇಪ್ಪತ್ತೇಳು. ಹಳ್ಳವನ್ನೂ ಮುಚ್ಚಿದರೆ ಇನ್ನೊಂದೆರಡು. ಸೈಟು ಅಗ್ಗಕ್ಕೆ ಸಿಗೋದು ಇದಕ್ಕೇ. ಊರಿಗೆ ಸೇರಬೇಕಾದ ಆ ಏಳೆಂಟು ಸೈಟಿನ ಜಾಗವನ್ನೂ ಮಾರಿ, ಲೇಔಟ್ ಮಾಡಿದವರು ದುಡ್ಡು ಎಣಿಸಿಕೊಂಡು ಮುಂದಿನ ಹಳ್ಳಿಗೆ ಹೋಗುತ್ತಾರೆ.

ಆಮೇಲೆ ಶುರುವಾಗುತ್ತದೆ ನಮ್ಮ ಕಾಗದದ ಓಡಾಟ. ಬೆಟರ್‌ಮೆಂಟ್ ಚಾರ್ಜು ಅನ್ನೋ ಅಭಿವೃದ್ಧಿ ಶುಲ್ಕ ಕಟ್ಟು. ಪೂರ್ತಿ ಸಕ್ರಮ ಆಸ್ತಿಗೆ ಕೊಡುವ ಎ ಖಾತೆ ಇಲ್ಲ, ನಮ್ಮಂಥವರಿಂದ ತೆರಿಗೆ ತಗೊಳ್ಳೋಕೆ ಅಂತ ಇಟ್ಟ ಬಿ ಖಾತೆ. ಬ್ಯಾಂಕಿನವರು ಲೋನ್ ಕೊಡೋಕೆ ಹಿಂದೆಮುಂದೆ ನೋಡುತ್ತಾರೆ. ಅಕ್ರಮ-ಸಕ್ರಮ ಬರುತ್ತದೆ ಅಂತ ಕಾದೆವು, 2017ರಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. 2024ರಲ್ಲಿ ಇ-ಖಾತೆ ಇಲ್ಲದೆ ರಿಜಿಸ್ಟ್ರೇಷನ್ ಇಲ್ಲ ಅಂದರು. 2025ರಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆ ಆಯ್ತು. ಬಿ ಖಾತೆಯನ್ನು ಎ ಖಾತೆ ಮಾಡಿಕೊಡುವ ಯೋಜನೆಯೂ ಬಂತು, ಶುಲ್ಕ ಸರ್ಕಾರ ನಿಗದಿ ಮಾಡಿದ ಮಾರ್ಗಸೂಚಿ ದರದ ಮೇಲೆ. ಒಳ್ಳೆಯದೇ. ಲಕ್ಷಾಂತರ ಮನೆಗಳನ್ನು ಎಷ್ಟು ವರ್ಷ ಅಂತ ತ್ರಿಶಂಕು ಸ್ಥಿತಿಯಲ್ಲಿ ಇಡೋದು? ನಾನೂ ಕಟ್ಟಲು ತಯಾರಿದ್ದೇನೆ.

ಆದರೆ ಆ ದುಡ್ಡಿನಿಂದ ನಮ್ಮ ಬೀದಿ ಅಗಲ ಆಗೋದಿಲ್ಲ. ಮೂರು ವರ್ಷದ ಹಿಂದೆ ಎದುರು ಮನೆ ಅಜ್ಜಿ ಬಚ್ಚಲಲ್ಲಿ ಬಿದ್ದರು. ಆಂಬ್ಯುಲೆನ್ಸ್ ಬಂತು. ಬೀದಿಯ ತಿರುವಿನಲ್ಲಿ ಒಂದು ಕಡೆ ಕಾರು, ಇನ್ನೊಂದು ಕಡೆ ಮನೆ ಕಟ್ಟಲು ಸುರಿಸಿದ ಜಲ್ಲಿ. ತಿರುಗಲಿಲ್ಲ. ನಾಲ್ಕು ಜನ ಸೇರಿ ಅಜ್ಜಿಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಮೇನ್ ರೋಡ್ ತನಕ ಹೊತ್ತುಕೊಂಡು ಹೋದೆವು. ಕುರ್ಚಿಯ ಒಂದು ಕಾಲು ನಾನು ಹಿಡಿದಿದ್ದೆ. ದಾರಿಯುದ್ದಕ್ಕೂ ಅವರು "ನಿಧಾನ ಕಣಪ್ಪಾ, ನಿಧಾನ" ಅನ್ನುತ್ತಿದ್ದರು. ಎ ಖಾತೆ ಬಂದರೂ ಆ ತಿರುವು ಹಾಗೇ ಇರುತ್ತದೆ. ಯಾಕಂದ್ರೆ ನಮ್ಮ ಬಡಾವಣೆಗೆ ಬೇಕಾಗಿರೋದು ಜಾಗ. ಅದು ಮಾರಿ ಹೋಗಿ ಇಪ್ಪತ್ತು ವರ್ಷ ಆಯ್ತು. ಕೊಂಡವನ ಹತ್ತಿರ ದುಡ್ಡು ತಗೊಳ್ಳೋ ಕಾನೂನು ಬಂದಿದೆ. ಜಾಗ ನುಂಗಿದವನ ಹತ್ತಿರ ತಗೊಳ್ಳೋದು ಯಾವಾಗ?

ಇದರಲ್ಲಿ ರೈತರನ್ನು ಬೈಯಬೇಡಿ. ಸರ್ಕಾರ ಬಡಾವಣೆಗೆ ಅಂತ ಜಮೀನು ಗುರುತು ಮಾಡಿದರೆ ಅವರ ಗತಿ ಏನಾಗುತ್ತದೆ ಅಂತ ನೋಡಿದ್ದೇವಲ್ಲ. ಶಿವರಾಮ ಕಾರಂತ ಬಡಾವಣೆಗೆ 2008ರಲ್ಲಿ ಅಧಿಸೂಚನೆ ಹೊರಟಿತು, 2018ರಲ್ಲೂ ಅದರ ಕೇಸು ಸುಪ್ರೀಂ ಕೋರ್ಟಿನಲ್ಲಿತ್ತು. ಅಷ್ಟು ವರ್ಷ ಆ ಜಮೀನಿನ ರೈತ ಅದನ್ನು ನಂಬಿ ಏನು ಮಾಡಬೇಕು? ಮಗಳ ಮದುವೆ ಕಾಯುತ್ತದೆಯಾ? ದೇವನಹಳ್ಳಿಯ ಚನ್ನರಾಯಪಟ್ಟಣದ ರೈತರು ಸಾವಿರ ದಿನಕ್ಕಿಂತ ಜಾಸ್ತಿ ಧರಣಿ ಕೂತ ಮೇಲೆ, 2025ರ ಜುಲೈನಲ್ಲಿ ಅವರ 1,777 ಎಕರೆ ಭೂಸ್ವಾಧೀನ ಕೈಬಿಟ್ಟರು. ಹೀಗಿರುವಾಗ ಬ್ರೋಕರ್ ಬಂದು ಟೇಬಲ್ ಮೇಲೆ ದುಡ್ಡು ಇಟ್ಟರೆ ರೈತ ಕೊಟ್ಟುಬಿಡುತ್ತಾನೆ. ಆ ಕಡೆ ಸರ್ಕಾರದ ಬಡಾವಣೆಗೆ ಹತ್ತು ಹದಿನೈದು ವರ್ಷ ಹಿಡಿಯುತ್ತದೆ. ಅಷ್ಟರಲ್ಲಿ ಬ್ರೋಕರ್‌ನ ಲೇಔಟಿನಲ್ಲಿ ಮನೆ ಎದ್ದು, ಮಕ್ಕಳು ಶಾಲೆ ಮುಗಿಸಿರುತ್ತಾರೆ.

ಬೆಂಗಳೂರಿಗೆ ಲೇಔಟ್ ಮಾಡೋಕೆ ಬರುವುದಿಲ್ಲ ಅಂತೇನಿಲ್ಲ. 1898ರಲ್ಲಿ ಪ್ಲೇಗ್ ಬಂದಾಗ ಪೇಟೆಯ ಇಕ್ಕಟ್ಟಿನಲ್ಲಿ ಜನ ಸತ್ತರು. ಆ ಕಾಲದಲ್ಲೇ ಬಸವನಗುಡಿ, ಮಲ್ಲೇಶ್ವರ ಮಾಡಿದರು. ಈಗಲೂ ಅಲ್ಲಿಯ ಹಳೇ ಮನೆಗಳ ಹಿತ್ತಿಲಿಗೆ ಹೋಗಿ ನೋಡಿ. ಎರಡು ಸಾಲು ಮನೆಗಳ ಬೆನ್ನಿಗೆ ಒಂದು ಓಣಿ ಇರುತ್ತದೆ. ಕನ್ಸರ್ವೆನ್ಸಿ ಅಂತಾರೆ. ಮನೆಯ ಹೊಲಸು ಹಿಂದಿನಿಂದಲೇ ಸಾಗಲಿ ಅಂತ ಬಿಟ್ಟ ಜಾಗ. ಅದಕ್ಕೆ ಜಾಗ ಬಿಟ್ಟೇ ಮನೆಗಳ ಸಾಲು ಹಾಕಿದ್ದು. ಆ ಓಣಿ ತಿಂದಿದ್ದರೆ ಅವರಿಗೂ ನಾಲ್ಕು ಸೈಟು ಜಾಸ್ತಿ ಸಿಗುತ್ತಿತ್ತು, ಅಲ್ವಾ?

ಇನ್ನೊಂದು ವಿಷಯ. ನಮ್ಮ ಊರಿಗೆ ದೊಡ್ಡ ಹೊಳೆ ಇಲ್ಲ. 900 ಮೀಟರ್ ಎತ್ತರದ ದಿಬ್ಬದ ಮೇಲೆ ಕೂತಿದ್ದೇವೆ. ಮಳೆ ನೀರು ಕೆರೆ ತುಂಬಿ, ಕೋಡಿ ಬಿದ್ದು, ಕಾಲುವೆಯಲ್ಲಿ ಮುಂದಿನ ಕೆರೆಗೆ ಹೋಗಬೇಕು. ಕೆರೆ ಉಳಿಸಿ ಅಂತ ಎಲ್ಲರೂ ಹೇಳುತ್ತೇವೆ. ಕೆರೆಗೆ ನೀರು ತರುವ ಸಣ್ಣ ಹಳ್ಳಕ್ಕೆ ಬೇಲಿ ಇಲ್ಲ, ಬೋರ್ಡ್ ಇಲ್ಲ, ಬೇಸಿಗೆಯಲ್ಲಿ ನೀರೂ ಇಲ್ಲ. ಬುಲ್ಡೋಜರ್‌ಗೆ ಅರ್ಧ ದಿನದ ಕೆಲಸ. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆ, ಸರ್ಜಾಪುರ ರಸ್ತೆ ಕಡೆ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋಗಿದ್ದು ನೆನಪಿದೆಯಲ್ಲ. ಕೋಟಿ ಬೆಲೆಯ ವಿಲ್ಲಾಗಳಿಗೂ ನೀರು ನುಗ್ಗಿತ್ತು.

ನೆಲಮಂಗಲದಲ್ಲಿ ಹೊಟ್ಟೆ ಉರಿದಿದ್ದೂ ಇದಕ್ಕೇ. ಆ ತಾಲ್ಲೂಕಿನಲ್ಲಿ ಕುಮುದ್ವತಿ ಹರಿಯುತ್ತದೆ, ಅಂದರೆ ಹರಿಯುತ್ತಿತ್ತು. ಅದು ಅರ್ಕಾವತಿಗೆ ಸೇರಿ ತಿಪ್ಪಗೊಂಡನಹಳ್ಳಿಗೆ ನೀರು ತುಂಬಬೇಕು. 1930ರ ದಶಕದಲ್ಲಿ ಕಟ್ಟಿದ ಆ ಜಲಾಶಯ ದಶಕಗಳ ಕಾಲ ಬೆಂಗಳೂರಿಗೆ ನೀರು ಕೊಟ್ಟಿತು. ಹಳ್ಳಗಳು ಬತ್ತಿ ಒಳಹರಿವು ಕಡಿಮೆಯಾಗುತ್ತಾ ಬಂತು, ಕೊನೆಗೆ ನಗರಕ್ಕೆ ಅಲ್ಲಿಂದ ನೀರು ತರೋದು ನಿಂತೇ ಹೋಯಿತು. ಅದರ ಜಲಾನಯನ ಉಳಿಸಲು 2003ರಲ್ಲಿ ಸರ್ಕಾರವೇ ಕಟ್ಟಡಗಳಿಗೆ ನಿರ್ಬಂಧ ಹಾಕಿತ್ತು, 2019ರಲ್ಲಿ ಅದನ್ನು ಸಡಿಲ ಮಾಡಿತು. ಹತ್ತಿರದ ನೀರಿನ ದಾರಿಗೆ ಮಣ್ಣು ಸುರಿದು, ನೂರು ಕಿಲೋಮೀಟರ್ ದೂರದಿಂದ ಕಾವೇರಿಯನ್ನು ಪಂಪ್ ಮಾಡಿಕೊಂಡು ಕುಡಿಯುತ್ತಿದ್ದೇವೆ.

ಹಾಗಾದರೆ ಏನು ಮಾಡಬೇಕು ಅಂತ ಕೇಳುತ್ತೀರಿ. ನನಗೆ ತೋಚಿದ್ದು ಹೇಳುತ್ತೇನೆ. ನಮ್ಮ ಬಡಾವಣೆಗಳಿಂದ ಖಾತೆಗೆ ಅಂತ ತಗೊಳ್ಳುವ ದುಡ್ಡನ್ನು ನಮ್ಮ ಬಡಾವಣೆಯ ಚರಂಡಿ, ಒಳಚರಂಡಿಗೇ ಹಾಕಲಿ, ಸುರಂಗ ರಸ್ತೆಗೆ ಬೇಡ. ಬಾಕಿ ಇರುವ ಸರ್ಕಾರಿ ಬಡಾವಣೆಗಳಲ್ಲಿ 20×30 ಸೈಟುಗಳನ್ನು ಜಾಸ್ತಿ ಮಾಡಲಿ, ನಮ್ಮ ಹುಡುಗನಂಥವರಿಗೆ ಸಿಗುವ ಹಾಗೆ. ಎಲ್ಲಕ್ಕಿಂತ ಮೊದಲು ನೆಲಮಂಗಲ, ಹೊಸಕೋಟೆ, ಆನೇಕಲ್, ಬಿಡದಿ, ದೊಡ್ಡಬಳ್ಳಾಪುರದ ಹಳ್ಳಿಗಳಲ್ಲಿ ಹಳ್ಳ, ಕಾಲುವೆ, ಗುಂಡುತೋಪು, ಸಾಗುವಳಿಗೆ ಬಾರದ ಖರಾಬು ಜಮೀನು ಎಲ್ಲೆಲ್ಲಿದೆ ಅಂತ ಅಳೆದು ಈಗಲೇ ಕಲ್ಲು ನೆಡಲಿ. ಸೈಟ್ ಕಲ್ಲಿಗಿಂತ ಮುಂಚೆ ಹಳ್ಳದ ಕಲ್ಲು ಬೀಳಬೇಕು. ಸರ್ಕಾರ ಪ್ಲಾನ್ ಮಾಡಿ ಮುಗಿಸಲಿ ಅಂತ ಕಾಯುವ ಹಾಗಿಲ್ಲ. ಬೆಂಗಳೂರೇ ಇವತ್ತಿಗೂ ನಡೆಯುತ್ತಿರುವುದು 2015ಕ್ಕೆ ಅಂತ ಮಾಡಿದ ಮಾಸ್ಟರ್ ಪ್ಲಾನಿನಲ್ಲಿ. ತುಮಕೂರು, ಮೈಸೂರಿನ ಗೆಳೆಯರು ನಿಮ್ಮ ಊರಿನ ಸುತ್ತಲೂ ಒಂದು ಸುತ್ತು ಹಾಕಿ ನೋಡಿ. ನಿಮಗೆ ಇನ್ನೂ ಸಮಯ ಇದೆ.

ಅವತ್ತು ಮೋರಿಯ ಮೇಲೆ ನಿಂತೇ ಮೊಬೈಲ್‌ನಲ್ಲಿ ಸರ್ಕಾರದ ಸರ್ವೆ ಮ್ಯಾಪಿನ ಆ್ಯಪ್ ದಿಶಾಂಕ್ ತೆರೆದೆ. ಸರ್ವೆ ನಂಬರ್ ಬಂತು. ಮೋರಿಯಿಂದ ಲೇಔಟಿನ ಕಡೆಗೆ ಒಂದು ಗೆರೆಯೂ ಕಾಣಿಸಿತು. ಅಕ್ಕನ ಮಗನನ್ನು ಕರೆದು ತೋರಿಸಿದೆ. ಬ್ರೋಕರ್ ಬಂದು ನೋಡಿ, "ಅದು ಹಳೇ ಮ್ಯಾಪು ಸಾರ್, ಈಗ ಅಲ್ಲಿ ನೀರೇ ಬರಲ್ಲ" ಅಂದ. ಹುಡುಗ ಏನೂ ಮಾತಾಡಲಿಲ್ಲ. ಬೈಕ್ ಹತ್ತಿ ಟೋಲ್ ಹತ್ತಿರ ಬರುವ ತನಕ ಸುಮ್ಮನಿದ್ದ. ಆಮೇಲೆ ಕೇಳಿದ, "ಇದೂ ಬೇಡ ಅಂದ್ರೆ ನಾನು ಎಲ್ಲಿ ತಗೊಳ್ಳಲಿ ಮಾಮ? ಇದೇ ದುಡ್ಡಿಗೆ ಇನ್ನೆಲ್ಲಿ ಕೊಡ್ತಾರೆ?"

ಅವನಿಗೆ ಹೇಳಲು ನನ್ನ ಹತ್ತಿರ ಒಂದು ಜಾಗದ ಹೆಸರಿರಲಿಲ್ಲ. ಅಡ್ವಾನ್ಸ್ ಒಂದು ವಾರ ತಡಿ ಅಂದಿದ್ದೇನೆ. ಬುಧವಾರ ಇಬ್ಬರೂ ರಜೆ ಹಾಕಿ ತಾಲ್ಲೂಕು ಕಚೇರಿಗೆ ಹೋಗುತ್ತಿದ್ದೇವೆ. ಆ ಸರ್ವೆ ನಂಬರಿನ ನಕಾಶೆ ಕೇಳಿ, ಹಳ್ಳ ಎಷ್ಟು ಅಗಲ ಅಂತ ನೋಡಬೇಕು.